ಹಾಜರಿ ಇಪ್ಪತ್ತೈದು

ಕೊನೆಯ ಮಗುವಿನ ಅಂಗಿಗೆ ಗುಂಡಿ ಹಾಕಿ ಮುಗಿಸುವಷ್ಟರಲ್ಲಿ ಸಾಹೇಬರು ಗೇಟು ದಾಟಿ ಒಳಗೆ ಬಂದೇಬಿಟ್ಟರು. ಹಂಸಾ ಮೇಡಂ ಹೊಸ ಸಮವಸ್ತ್ರದ ಹದಿನಾಲ್ಕು ಖಾಲಿ ಕವರುಗಳನ್ನು ಬಾಚಿ ಬೀರುವಿನ ಹಿಂದೆ ತುರುಕಿದಳು.

ಸೋಮನಾಥಪುರದ ಬಸ್ಸಿಳಿದು ಒಂದು ಮೈಲಿ ನಡೆದರೆ ಸಿಗುವ ಆ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಪುಸ್ತಕದ ಪ್ರಕಾರ ಇಪ್ಪತ್ತೈದು ಮಕ್ಕಳು. ಕಣ್ಣಿನ ಪ್ರಕಾರ ಹನ್ನೊಂದು. ಉಳಿದ ಹದಿನಾಲ್ಕು ಮಂದಿ ದಿನಾ ಹಳದಿ ವ್ಯಾನು ಹತ್ತಿ ನರಸೀಪುರದ ಕಾನ್ವೆಂಟಿಗೆ ಹೋಗುತ್ತಿದ್ದರು. ಅವರ ಹೆಸರು ಮತ್ತು ಸಮವಸ್ತ್ರ ಮಾತ್ರ ಇಲ್ಲೇ ನಿಷ್ಠೆಯಿಂದ ಓದುತ್ತಿದ್ದವು.

ಈ ವಾರ ಜಿಲ್ಲೆಯಿಂದ ಒಬ್ಬರು ಬಂದು ತಲೆ ಎಣಿಸುತ್ತಾರೆ, ಇಪ್ಪತ್ತಕ್ಕಿಂತ ಕಡಿಮೆ ಕಂಡರೆ ಶಾಲೆಗೆ ಬೀಗ ಎಂದು ಸುದ್ದಿ ಬಂದಿತ್ತು. ಶಾಲಾ ಸಮಿತಿಯ ಅಧ್ಯಕ್ಷ ಚಿಕ್ಕಮಾದು ದಿನವನ್ನೂ ಹೇಳಿದ್ದ. "ಬುಧವಾರವೇ ಬತ್ತಾರೆ ಕಣ್ರೀ ಮೇಡಂ. ಪಕ್ಕಾ!" ಅವನ ಮಗನೂ ಕಾನ್ವೆಂಟಿನವನೇ. ಆದರೂ ಮನೆಮನೆಗೆ ಹೋಗಿ "ಊರಿಗೊಂದು ಇಸ್ಕೂಲ್ ಬ್ಯಾಡ್ವಾ?" ಎಂದು ಕೇಳಿದ. ಬೇಕೇಬೇಕು ಎಂದರು ಎಲ್ಲರೂ, ಬೇರೆಯವರ ಮಕ್ಕಳಿಗೆ. ಹಾಗಾಗಿ ಬುಧವಾರ ಬೆಳಿಗ್ಗೆ ಕಾನ್ವೆಂಟಿನ ಹದಿನಾಲ್ಕು ಮಕ್ಕಳಿಗೆ ಒಟ್ಟಿಗೇ ಹೊಟ್ಟೆನೋವು ಬಂತು.

ಹಂಸಾಗೆ ನಗು ಬರಲಿಲ್ಲ. ಬೀಗ ಬಿದ್ದರೆ ಹನ್ನೊಂದು ಮಕ್ಕಳು ಲಾರಿ ಓಡುವ ರಸ್ತೆ ದಾಟಿ ಮೂರು ಕಿಲೋಮೀಟರ್ ನಡೆಯಬೇಕು. "ಆ ರೋಡಿಗೆ ನನ್ ಮೊಮ್ಮಗಳ್ನ ಬುಡಾಕಿಲ್ಲ ಮೇಡಮ್ಮೋರೆ. ಮನೇಲೇ ಇರ್ಲಿ" ಎಂದು ಬಿಸಿಯೂಟದ ಮುದ್ದಮ್ಮ ಹೇಳಿಯಾಗಿತ್ತು. ಕವನ ಎಂಬ ಆ ಮೊಮ್ಮಗಳು ಓದು ಎಂದರೆ ಊಟ ಬಿಡುವವಳು. ಅದನ್ನು ನೆನೆದಾಗಲೆಲ್ಲ ಹಂಸಾಗೆ ಸಂಕಟವಾಗುತ್ತಿತ್ತು.

ಸಾಹೇಬರಿಗೆ ಜೀಪಿರಲಿಲ್ಲ, ಜೊತೆಗೆ ಜವಾನನೂ ಇರಲಿಲ್ಲ. ಚಪ್ಪಲಿಯ ತುಂಬ ಧೂಳು, ಹೆಗಲಲ್ಲಿ ಬಟ್ಟೆಯ ಚೀಲ, ತೋಳಿನ ಮೇಲೆ ಸೀಮೆಸುಣ್ಣದ ಪುಡಿ. ಸರಳವಾಗಿರುವ ಅಧಿಕಾರಿಗಳೇ ಹೆಚ್ಚು ಅಪಾಯ ಎಂದುಕೊಂಡಳು ಹಂಸಾ.

"ನಾನು ಪುಟ್ಟಬಸವಯ್ಯ ಅಂತ."

"ಬನ್ನಿ ಸರ್. ನಿಮಗೇ ಕಾಯ್ತಿದ್ವಿ."

"ನನಗಾ?" ಅವರು ಒಂದು ಕ್ಷಣ ತಬ್ಬಿಬ್ಬಾದರು.

ಚಟುವಟಿಕೆ ಶುರುವಾಯಿತು. ಒಂದು ಗುಂಪು ಹುಣಸೆಬೀಜ ಎಣಿಸಿತು, ಇನ್ನೊಂದು ಎಲೆಗಳನ್ನು ಆಕಾರದ ಪ್ರಕಾರ ಜೋಡಿಸಿತು. ಕಾನ್ವೆಂಟಿನವರು ನೆಲದ ಮೇಲೆ ಎಲ್ಲಿ ಕಾಲಿಡುವುದೆಂದು ತಿಳಿಯದೆ ಬೆಂಚು ಹುಡುಕಿದರು. ಹೆಸರು ಕೂಗಿದರೆ ಹನ್ನೊಂದು ಮಂದಿ "ಬಂದಿದ್ದೀನಿ ಮಿಸ್" ಎಂದರು, ಹದಿನಾಲ್ಕು ಮಂದಿ "ಪ್ರೆಸೆಂಟ್ ಮಿಸ್" ಎಂದರು. ಹಂಸಾ ಬೇಗ ಪುಸ್ತಕ ಮುಚ್ಚಿದಳು.

"ಇಂಗ್ಲಿಷೂ ಬತ್ತದೆ! ಬಾಳ ಒಳ್ಳೇದಾಯ್ತು" ಎಂದರು ಪುಟ್ಟಬಸವಯ್ಯ.

ಹಾಜರಿ ಪುಸ್ತಕ ಮುಂದಿಟ್ಟರೆ ಅವರು ತೆರೆಯಲೂ ಇಲ್ಲ. ಬದಲಿಗೆ ಮೂರು ಸಲ ತಲೆ ಎಣಿಸಿದರು. ಹೊಸ ಅಂಗಿಗಳ ಮಡಿಕೆ ಮುಟ್ಟಿ ನೋಡಿದರು.

"ಯೂನಿಫಾರ್ಮು ಎಲ್ಲಾರ್ಗೂ ಅದೆ, ಅಲ್ವಾ?"

"ಇದೆ ಸರ್."

"ಬಸ್ಸಲ್ಲಿ ವಾಂತಿ ಮಾಡ್ಕೊಳೋ ಮಕ್ಕಳು ಯಾರಾದ್ರೂ ಅವ್ರಾ?"

ಹಂಸಾ ಬಸ್ಸು ಎಂಬ ಮಾತನ್ನೇ ಹಿಡಿದುಕೊಂಡಳು. ಹಾಗಾದರೆ ತೀರ್ಮಾನ ಆಗಿಹೋಗಿದೆ. ಮಕ್ಕಳನ್ನು ಬೇರೆ ಶಾಲೆಗೆ ಸಾಗಿಸುವ ಲೆಕ್ಕ ನಡೆಯುತ್ತಿದೆ. ಅಷ್ಟರಲ್ಲಿ ಅವರು ಮಕ್ಕಳ ನಡುವೆ ಕುಕ್ಕರುಗಾಲಲ್ಲಿ ಕುಳಿತು, "ಹೊಸಾ ಮೇಷ್ಟ್ರು ಬಂದ್ರೆ ಹೆದರ್ಕತೀರಾ ಮಕ್ಕಳಾ?" ಎಂದರು. ಇನ್ನು ಅನುಮಾನವೇ ಉಳಿಯಲಿಲ್ಲ.

ಕವನ ಎದ್ದು, ಯಾರೂ ಹೇಳದೆ, ಓದಿನ ಕಾರ್ಡಿನಲ್ಲಿದ್ದ ಕಾಗೆ ಮರಿಯ ಕಥೆಯನ್ನು ತಡವರಿಸದೆ ಓದಿದಳು. ಸಾಹೇಬರು ಕಣ್ಣು ಮಿಟುಕಿಸದೆ ಕೇಳಿದರು. "ಈ ಮಗು ಮಾತ್ರ ಬೇಕೇಬೇಕು" ಎಂದು ಚೀಟಿಯಲ್ಲಿ ಬರೆದುಕೊಂಡರು.

ಊಟದ ಗಂಟೆ ಹೊಡೆಯಿತು. ಮಕ್ಕಳು ತಟ್ಟೆ ಹಿಡಿದು ಹೊರಗೆ ಓಡಿದರು. ಹಂಸಾಗೆ ಇನ್ನು ತಡೆಯಲಾಗಲಿಲ್ಲ. ಕೆಲಸ ಹೋದರೂ ಹೋಗಲಿ, ನಿಜ ಹೇಳಿ ಕಾಲಿಗೆ ಬಿದ್ದು ಶಾಲೆ ಉಳಿಸಿಕೊಳ್ಳೋಣ ಎಂದು ಬಾಯಿ ತೆರೆದಳು. ಅವಳಿಗಿಂತ ಮೊದಲೇ ಪುಟ್ಟಬಸವಯ್ಯ ಬಾಗಿಲು ಮುಂದೆ ಮಾಡಿ ದನಿ ತಗ್ಗಿಸಿದರು.

"ಮೇಡಂ, ಮುಚ್ಚುಮರೆ ಯಾಕೆ? ಹದಿನಾಲ್ಕು ಮಕ್ಕಳ ವಿಚಾರ."

ಲೆಕ್ಕ ಒಂದೂ ತಪ್ಪಿರಲಿಲ್ಲ. ಹಂಸಾ ಬೀರುವಿನ ಹಿಂದಿನ ಕವರುಗಳತ್ತ ನೋಡಿದಳು.

"ಅಷ್ಟನ್ನ ನಾಳೆ ಒಂದ್ ದಿವ್ಸ ಕಡ ಕೊಡಿ" ಎಂದು ಪುಟ್ಟಬಸವಯ್ಯ ಕೈ ಮುಗಿದರು. "ನಂಜನಗೂಡು ಕಡೆ ನಾನೂ ಹೆಡ್ಮಾಷ್ಟ್ರೇ ತಾಯಿ, ನಮ್ಮಲ್ಲಿ ಇರೋವೇ ಆರು. ಸಾಹೇಬ್ರು ನಾಳೆ ನಮ್ಮಲ್ಲಿಗೆ, ನಾಡಿದ್ದು ನಿಮ್ಮಲ್ಲಿಗೆ."