ಒಳಗಿನ ಚಿಲಕ

"ಒಳಗಿಂದ ಚಿಲಕ ಹಾಕ್ಕೋ, ನಾನು ಜಗ್ಗಿ ನೋಡ್ತೀನಿ," ಎಂದು ಸರ್ವಮಂಗಳಮ್ಮ ಸೆರಗು ಸಿಕ್ಕಿಸಿಕೊಂಡು, ಮನೆ ಮುಂದೆ ನಿಂತಿದ್ದ ವ್ಯಾನಿನ ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದರು. ಹರಿಹರದಲ್ಲಿ ಕೊಂಡ ಆ ಹಳೆಯ ವ್ಯಾನಿಗೆ ಮಗಳು ರಶ್ಮಿತಾ ತಾನೇ ಮಲಗುವ ಹಲಗೆ ಕೂಡಿಸಿ, ಒಲೆ ಇಟ್ಟು, ಅಂದು ಬೆಳಿಗ್ಗೆ ಚಿಲಕವನ್ನೂ ಹಾಕಿ ಮುಗಿಸಿದ್ದಳು. ಅದರಲ್ಲಿ ಒಬ್ಬಳೇ ಕರಾವಳಿ ಸುತ್ತಿ ಬರುತ್ತೇನೆ ಎಂದಾಗಿನಿಂದ ತಾಯಿ ಬ್ಯಾಡ ಬ್ಯಾಡ ಎನ್ನುತ್ತಲೇ ಇದ್ದರು.

ಎರಡನೆಯ ಸಲ ಜಗ್ಗಿದ್ದಕ್ಕೆ ಸ್ಕ್ರೂಗಳು ಕಿತ್ತುಬಂದು ಬಾಗಿಲು ತೆರೆದೇಬಿಟ್ಟಿತು. ಒಳಗೆ ಕುಳಿತಿದ್ದ ರಶ್ಮಿತಾ ಜೋತುಬಿದ್ದ ಚಿಲಕವನ್ನೇ ನೋಡುತ್ತಿದ್ದಳು. ನಾನು ಹೇಳಲಿಲ್ಲವೇ ಎನ್ನಲು ಸರ್ವಮಂಗಳಮ್ಮನಿಗೆ ಇದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ಮಾತು ನಾಲಿಗೆ ತುದಿಗೂ ಬಂದಿತ್ತು.

"ನೀನು ಜಗ್ಗಿದ್ದಕ್ಕೆ ಗೊತ್ತಾತಮ್ಮ," ಎಂದಳು ಮಗಳು ಮೆಲ್ಲಗೆ. "ಬೇರೆ ಯಾರಾದ್ರೂ ಜಗ್ಗಿದ್ದಿದ್ರೆ?" ಇಷ್ಟು ದಿನ ತಾವು ಹುಟ್ಟಿಸಲು ಹೆಣಗಿದ್ದ ಹೆದರಿಕೆ ಕೊನೆಗೂ ಅವಳ ಮುಖದಲ್ಲಿ ಕಂಡಿತು. ಕಂಡಮೇಲೆ ತಾಯಿಗೆ ಅದನ್ನು ನೋಡಲಾಗಲಿಲ್ಲ.

"ಬರೀ ಸ್ಕ್ರೂ ಸಾಲಲ್ಲ. ಡಬ್ಬ್ಯಾಗೆ ಉದ್ದನ ಬೋಲ್ಟ್ ಐತಲ್ಲ, ಅದನ್ನ ಹೊರಗಿಂದ ಒಳಕ್ಕೆ ತೂರಿಸ್ಬೇಕು," ಎಂದು ಸ್ಪ್ಯಾನರ್ ಎತ್ತಿಕೊಂಡರು. ಹೊರಗೆ ಅವರು ಬೋಲ್ಟಿನ ತಲೆ ಹಿಡಿದು ನಿಂತರೆ ಒಳಗೆ ಮಗಳು ನಟ್ಟು ಬಿಗಿದಳು. ಆಮೇಲೆ ಚಿಲಕ ಹಾಕಿಸಿ, ಒಂದು ಕಾಲನ್ನು ವ್ಯಾನಿಗೆ ಒತ್ತಿ, ಮೈಯ ಬಲವನ್ನೆಲ್ಲ ಹಾಕಿ ಜಗ್ಗಿದರು. ಬಾಗಿಲು ಕದಲಲಿಲ್ಲ. ಏದುಸಿರು ಬಿಡುತ್ತಲೇ ಸರ್ವಮಂಗಳಮ್ಮ ಮುಚ್ಚಿದ ಬಾಗಿಲ ಕಡೆಗೇ ಹೇಳಿದರು, "ಗೋಕರ್ಣ ಮುಟ್ಟಿದ ಕೂಡ್ಲೇ ಫೋನ್ ಮಾಡು."