ಮುದುಕಿಯ ಬೆನ್ನು

ಮೊಮ್ಮಗಳು ಫೋನನ್ನು ಅಜ್ಜನ ಕಣ್ಣ ಮುಂದೆ ಹಿಡಿದಳು. “ನೋಡಜ್ಜ, ಇದೇ ನನ್ನ ಆಮೆ. ಈ ಬ್ರೇಸ್‌ಲೆಟ್ ತಗೊಂಡವರ ಹೆಸರಿಗೆ ಒಂದೊಂದು ಆಮೆ. ಬೆನ್ನಿಗೆ ಪುಟ್ಟ ಪೆಟ್ಟಿಗೆ ಅಂಟಿಸಿದಾರೆ. ಯಾವ ಸಮುದ್ರದಲ್ಲಿ ಈಜಿದ್ರೂ ಇಲ್ಲಿ ಚುಕ್ಕೆ ಕಾಣುತ್ತೆ. ನಾವು ಕೊಟ್ಟ ದುಡ್ಡು ಅವುಗಳನ್ನ ಕಾಯೋಕೇ ಹೋಗುತ್ತೆ.” ಅವಳ ಮಣಿಕಟ್ಟಿನಲ್ಲಿ ನೀಲಿ ಮಣಿಗಳು ಹೊಳೆಯುತ್ತಿದ್ದವು. ಅಜ್ಜ ಮಣಿಗಳನ್ನು ನೋಡಲಿಲ್ಲ. ಚಹಾದ ಲೋಟವನ್ನು ಕೆಳಗಿಟ್ಟು ಚಿತ್ರವನ್ನೇ ನೋಡಿದ.

ಬೆನ್ನ ಮೇಲೆ ಹೆಂಚು ಹೊದಿಸಿದಂತೆ ಇರಬೇಕಾದ ಚಿಪ್ಪಿನ ಹಾಳೆಗಳು ಒಂದೂ ಇರಲಿಲ್ಲ. ಬೆನ್ನು ಬೋಳಾಗಿತ್ತು, ಸುಟ್ಟು ಮಾಯ್ದ ಗಾಯದ ಹಾಗೆ ಸುಕ್ಕುಗಟ್ಟಿತ್ತು. ಬಾಲದ ಕಡೆಯ ಅಂಚಿನಲ್ಲಿ ಮೂರು ಕಚ್ಚು. ಎರಡು ನೇರ, ಒಂದು ಓರೆ.

“ಮುದುಕಿ ಅಂತ ಹೆಸರಿಟ್ಟಿದಾರೆ ಇದಕ್ಕೆ. ವಯಸ್ಸೆಷ್ಟೋ ಅವರಿಗೂ ತಿಳಿದಿಲ್ಲ. ದೋಣಿ ಇಂಜಿನ್ನಿಗೆ ಸಿಕ್ಕಿ ಹೀಗಾಗಿರಬೇಕಂತೆ, ಪಾಪ. ಆ ಕಚ್ಚು ಯಾತರದ್ದು ಅಂತ ಗೊತ್ತಿರೋರು ಇದ್ರೆ ತಿಳಿಸಿ ಅಂತ ಬರೆದಿದಾರೆ. ನೀನು ಕಂಡಿದ್ದೀಯಾ ಇಂಥದ್ದು?”

“ಇಲ್ಲ” ಎಂದ ಅಜ್ಜ.

ಹರೆಯದಲ್ಲಿ ಅಜ್ಜ ಬಾಚಣಿಗೆ ಕೊರೆಯುತ್ತಿದ್ದ ಎಂಬುದು ಮೊಮ್ಮಗಳಿಗೆ ಗೊತ್ತಿತ್ತು. ಕೊಂಬಿನ ಬಾಚಣಿಗೆ ಎಂದು ಅವನೇ ಹೇಳಿದ್ದ. ಕೊಂಬಲ್ಲ, ಆಮೆಯ ಚಿಪ್ಪು. ಜೀವಂತ ಆಮೆಯ ಬೆನ್ನನ್ನು ಕೆಂಡಕ್ಕೆ ಹಿಡಿದರೆ ಹಾಳೆಗಳು ಸಡಿಲವಾಗುತ್ತಿದ್ದವು. ಚೂರಿಯ ತುದಿಯಿಂದ ಅವನ್ನು ಎಬ್ಬಿಸಿ ತೆಗೆದು, ಆಮೆಯನ್ನು ಮತ್ತೆ ನೀರಿಗೆ ಬಿಡುತ್ತಿದ್ದರು. ಕೊಂದರೆ ಪಾಪ, ಬಿಟ್ಟರೆ ಬೆನ್ನು ಮತ್ತೆ ಬೆಳೆಯುತ್ತದೆ, ಬೆಳೆದ ಮೇಲೆ ಹುಟ್ಟಿದ ದಡಕ್ಕೆ ತಾನಾಗಿಯೇ ಬರುತ್ತದೆ ಎಂದು ಯಜಮಾನ ಹೇಳಿಕೊಟ್ಟಿದ್ದ. ಬಂದಾಗ ಅದು ಯಾರದೆಂದು ಜಗಳವಾಗಬಾರದಲ್ಲ. ಅದಕ್ಕೇ ಒಬ್ಬೊಬ್ಬ ಕೆಲಸಗಾರನೂ ಅಂಚಿನ ಮೇಲೆ ಗರಗಸದಿಂದ ತನ್ನ ಗುರುತು ಹಾಕುತ್ತಿದ್ದ. ಎರಡು ನೇರ, ಒಂದು ಓರೆ, ಇವನದು. ಅವನು ಕೆಲಸ ಬಿಡುವವರೆಗೂ ಹಾಗೆ ಬಿಟ್ಟ ಒಂದು ಆಮೆಯೂ ಆ ದಡಕ್ಕೆ ತಿರುಗಿ ಬಂದಿರಲಿಲ್ಲ.

ಚಿತ್ರ ನೋಡಿದ ದಿನದಿಂದ ಬೆಳಗಾದರೆ ಅವನಿಗೆ ಅದೊಂದೇ ಜಪ. “ಎಲ್ಲಿದೆ ಈಗ?”

“ನನಗೆ ಗಂಡು ಹುಡುಕುವಾಗ್ಲೂ ಇಷ್ಟು ಆತುರ ಪಡಲಿಲ್ಲವಲ್ಲ ನೀನು” ಎಂದು ಮೊಮ್ಮಗಳು ಛೇಡಿಸಿದಳು. “ಇಗೋ, ಇಲ್ಲಿ. ಒಂದು ವರ್ಷದಿಂದ ಎಲ್ಲೋ ದೂರದ ದ್ವೀಪಗಳ ಸುತ್ತಲೇ ಗಿರಕಿ ಹೊಡೀತಿತ್ತು. ನಿನಗೆ ತೋರಿಸಿದ ದಿನದಿಂದ ಈ ಕಡೆಗೆ ಹೊರಟಿದೆ ನೋಡು.”

ನಡುವೆ ಅಜ್ಜ ಜ್ವರ ಬಂದು ನಾಲ್ಕು ದಿನ ಮಲಗಿದ. ಆ ನಾಲ್ಕು ದಿನವೂ ಚುಕ್ಕೆ ನಟ್ಟನಡು ಸಮುದ್ರದಲ್ಲಿ ನಿಂತಲ್ಲೇ ನಿಂತಿತ್ತು. ಐದನೆಯ ದಿನ ಅವನು ಗೋಡೆ ಹಿಡಿದು ಎದ್ದು ಮುಖ ತೊಳೆದ. ಚುಕ್ಕೆ ಹೊರಟಿತು. “ನಿನಗೋಸ್ಕರ ಕಾಯ್ತಿತ್ತೇನೋ” ಎಂದು ಮೊಮ್ಮಗಳು ನಕ್ಕಳು. ಹೇಳಿಬಿಡಬೇಕೆಂದು ಎರಡು ಸಲ ಬಾಯಿ ತೆರೆದ. ತನ್ನನ್ನು ಒಳ್ಳೆಯವನೆಂದು ನಂಬಿರುವ ಜೀವ ಈ ಮೊಮ್ಮಗಳೊಬ್ಬಳೇ ಎಂಬುದು ನೆನಪಾಗಿ ಎರಡು ಸಲವೂ ಕುಡಿಯಲು ನೀರು ಕೇಳಿದ.

ಮುದುಕಿ ಇನ್ನೇನು ದಡ ಹತ್ತಲಿದೆ, ಬ್ರೇಸ್‌ಲೆಟ್ ಕೊಂಡವರು ಬಂದು ನೋಡಬಹುದು ಎಂದು ಆಮೆ ಕಾಯುವ ಸಂಸ್ಥೆಯವರಿಂದ ಕರೆ ಬಂತು. ಯಾವ ದಡವೆಂದು ಅಜ್ಜ ಕೇಳಲೇ ಇಲ್ಲ. ನಾನು ಬರೋದಿಲ್ಲ ಎಂದ.

“ದಿನಾ ನನ್ನ ತಲೆ ತಿಂದು ಈಗ ಬರಲ್ಲ ಅಂತೀಯಾ? ಸುಮ್ಮನೆ ಎದ್ದು ಚಪ್ಪಲಿ ಹಾಕ್ಕೋ.”

ಬಿಸಿಲೇರುವ ಹೊತ್ತಿಗೆ ಹತ್ತು ಹನ್ನೆರಡು ಜನ ಮರಳಿನ ಮೇಲೆ ಎಳೆದ ಹಗ್ಗದ ಹಿಂದೆ ಸಾಲಾಗಿ ನಿಂತಿದ್ದರು. ಎಲ್ಲರ ಕೈಯಲ್ಲೂ ಅದೇ ನೀಲಿ ಮಣಿ. “ಯಾರೂ ಕದಲಬೇಡಿ, ಜನ ಕಂಡ್ರೆ ವಾಪಸ್ ಹೋಗಿಬಿಡುತ್ತೆ” ಎಂದು ಸಂಸ್ಥೆಯ ಹೆಂಗಸು ಪಿಸುಗುಟ್ಟಿದಳು. ಮುದುಕಿ ನೊರೆಯೊಳಗಿಂದ ಎದ್ದು ಬಂತು. ಮೊಟ್ಟೆ ಇಡುವ ಮೆತ್ತನೆ ಮರಳಿನ ಕಡೆ ತಿರುಗಲಿಲ್ಲ. ನಾಲ್ಕು ಹೆಜ್ಜೆ, ಒಂದು ದೀರ್ಘ ಉಸಿರು, ಮತ್ತೆ ನಾಲ್ಕು ಹೆಜ್ಜೆ, ನೇರ ಹಗ್ಗದ ಹತ್ತಿರಕ್ಕೇ ಬಂತು. ಸಾಲಿನುದ್ದಕ್ಕೂ ಒಬ್ಬೊಬ್ಬರನ್ನೇ ದಾಟಿ ಅಜ್ಜನ ಮುಂದೆ ನಿಂತಿತು. ಆಮೇಲೆ ನಿಧಾನವಾಗಿ ಸುತ್ತಿ ತಿರುಗಿ, ಅವನ ಕಡೆ ಬೆನ್ನು ಮಾಡಿ, ತಲೆಯನ್ನು ಮರಳಿಗೆ ಆನಿಸಿ ಮಲಗಿತು.

“ಇಷ್ಟು ವರ್ಷ ಇದೇ ಕೆಲಸದಲ್ಲಿದ್ದೀನಿ, ಯಾವ ಆಮೆಯೂ ಹೀಗೆ ಮಾಡಿದ್ದು ನೋಡಿಲ್ಲ” ಎಂದಳು ಹೆಂಗಸು.

ಮೊಮ್ಮಗಳು ಅಜ್ಜನ ತೋಳನ್ನು ಬಿಗಿಯಾಗಿ ಹಿಡಿದಿದ್ದಳು. “ಏನಜ್ಜ ಇದು? ಯಾಕೆ ಹಾಗೆ ಮಲಗಿದೆ?”

“ಬೆಂಕಿಗೆ ಹಿಡಿದು ಅದರ ಬೆನ್ನು ಸುಲಿದೋನು ನಾನೇ ಪುಟ್ಟಿ. ಆ ಕಚ್ಚೂ ನಂದೇ.” ಅವನ ದನಿ ಪಕ್ಕದವರಿಗೂ ಕೇಳುವಷ್ಟಿತ್ತು. “ಮತ್ತೆ ಬೆಳೆಯುತ್ತೆ, ಬೆಳೆದ ಮೇಲೆ ಬಾ ಅಂತ ಬಿಟ್ಟಿದ್ದೆ. ಬೆಳೆದಿಲ್ಲ ಅಂತ ತೋರಿಸೋಕೆ ಬಂದಿದೆ.”

ತೋಳಿನ ಮೇಲಿದ್ದ ಬೆರಳುಗಳು ಒಂದೊಂದಾಗಿ ಬಿಟ್ಟುಕೊಂಡವು. ಆಮೆ ಮಾತ್ರ ಕದಲಲಿಲ್ಲ.