ಅಲುಗದ ಗೆರೆ

ಅಮ್ಮನ ಎರಡು ಬೆರಳಿಗೆ ಕ್ಲಿಪ್ ಸಿಕ್ಕಿಸಿ, ದೊಡ್ಡ ಮಗಳು ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡು ಕೂತಳು. ಅವಳು ವಿಶ್ವವಿದ್ಯಾಲಯದಲ್ಲಿ ನರವಿಜ್ಞಾನ ಓದುತ್ತಿದ್ದಳು. ಹಳೆಯ ನೆನಪು ಕೆದಕಿದಾಗ ಬೆರಳು ಎಷ್ಟು ಬೆವರುತ್ತದೆ ಅನ್ನುವುದನ್ನು ಮನೆಯವರೊಬ್ಬರ ಮೇಲೆ ಅಳೆದು ತರಬೇಕೆಂದು ಮೇಷ್ಟ್ರು ಹೇಳಿದ್ದರು. ಮನಸ್ಸು ಕದಲಿದರೆ ಪರದೆಯ ಮೇಲಿನ ಗೆರೆ ಮೇಲೇಳುತ್ತದೆ, ಅಷ್ಟೇ.

"ಇದು ಸುಳ್ಳು ಹಿಡಿಯೋ ಮಿಷಿನ್ನಾ?" ಅಮ್ಮ ಬೆರಳು ಹಿಂದಕ್ಕೆಳೆದುಕೊಂಡಳು. "ಹಾಗಿದ್ರೆ ಬಿಸ್ಕತ್ತಿನ ಡಬ್ಬದ ವಿಷಯ ಮಾತ್ರ ಕೇಳ್ಬೇಡ."

"ಅಲ್ಲಮ್ಮ. ಸುಮ್ನೆ ಕೂತ್ಕೋ, ಕೈ ಅಲ್ಲಾಡಿಸ್ಬೇಡ."

ಮೊದಲು ಮನೆ ಬದಲಾಯಿಸಿದ ದಿನದ ಮಾತೆತ್ತಿದಳು. ಗೆರೆ ಸ್ವಲ್ಪ ಮಿಸುಕಿತು. ಆಮೇಲೆ, "ತಂಗಿಗೆ ಜ್ವರ ಬಂದು ಆಸ್ಪತ್ರೆಗೆ ಸೇರಿಸಿದ್ದು," ಎಂದಳು. ಗೆರೆ ಪರದೆಯ ನೆತ್ತಿಗೇ ಹಾರಿತು. "ತಂಗಿ ಬಸ್ ಸ್ಟಾಪಿನಲ್ಲಿ ಕಳೆದುಹೋಗಿದ್ದು." ಮತ್ತೆ ಹಾರಿತು. ಪಕ್ಕದ ಕೋಣೆಯಲ್ಲಿ ಹಾಡು ಹಾಕಿಕೊಂಡು ಉಗುರಿಗೆ ಬಣ್ಣ ಬಳಿಯುತ್ತಿದ್ದ ಆ ಮಹಾರಾಣಿಗೆ ಇಲ್ಲಿ ತನ್ನ ಪಟ್ಟಾಭಿಷೇಕ ನಡೆಯುತ್ತಿರುವುದು ಗೊತ್ತೇ ಇರಲಿಲ್ಲ.

ದೊಡ್ಡವಳ ಹೊಟ್ಟೆ ಉರಿಯಿತು. ಪ್ರಯೋಗ ಮಾಡುವವರು ತಮ್ಮನ್ನೇ ಪ್ರಯೋಗದೊಳಗೆ ತರಬಾರದು ಎಂದು ಮೇಷ್ಟ್ರು ಬಾಯಿ ಬಾಯಿ ಬಡಿದುಕೊಂಡಿದ್ದರು. ಹೊಟ್ಟೆಕಿಚ್ಚಿಗೆ ಯಾವ ಮೇಷ್ಟ್ರು? ಅವಳು ತನ್ನ ವಿಷಯ ತೆಗೆದಳು.

"ನಾನು ಇಡೀ ಶಾಲೆಗೇ ಫಸ್ಟ್ ಬಂದಿದ್ದು."

"ಹ್ಞೂಂ, ಬಂದಿದ್ದೆ," ಎಂದು ಅಮ್ಮ ಆಕಳಿಸಿದಳು. ಗೆರೆ ಮಲಗಿಯೇ ಇತ್ತು.

"ನಾನು ಮೊದಲ್ನೇ ಸಲ ಒಬ್ಬಳೇ ರೈಲು ಹತ್ತಿದ್ದು?"

ಗೆರೆ ಅಲುಗಲಿಲ್ಲ. ಕ್ಲಿಪ್ ಸಡಿಲವಾಗಿದೆಯೇನೋ ಎಂದು ಬಿಚ್ಚಿ ಮತ್ತೆ ಹಾಕಿದಳು. ಕ್ಲಿಪ್ ಸರಿಯಾಗಿಯೇ ಇತ್ತು.

"ಅವಳ ಹೆಸರೆತ್ತಿದ್ರೆ ನಿಂಗೆ ಬೆವರು ಕಿತ್ಕೊಂಡು ಬರತ್ತೆ. ನನಗೆ ಒಂದು ಹನಿನೂ ಇಲ್ವಾಮ್ಮ?"

ಅಮ್ಮ ನಕ್ಕುಬಿಟ್ಟಳು. "ಅಯ್ಯೋ ಪೆದ್ದಿ! ಅವಳು ನನ್ನ ಜೀವ ಬಾಯಿಗೆ ತಂದವಳು. ನೀನು ಯಾವತ್ತು ಹೆದರ್ಸಿದ್ದೀಯೇ? ನಿನ್ನ ಚಿಂತೆ ನಂಗೆ ಇರ್ಲೇ ಇಲ್ಲ ಕಣೇ."

ಪಾಠದಲ್ಲೂ ಅದೇ ಇತ್ತು. ಮಿದುಳು ಭಯವನ್ನು ಗಟ್ಟಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ, ನೆಮ್ಮದಿಯನ್ನು ಕ್ಯಾರೇ ಅನ್ನುವುದಿಲ್ಲ. ಪರೀಕ್ಷೆಯಲ್ಲಿ ಇದನ್ನೇ ಬರೆದು ಭೇಷ್ ಅನ್ನಿಸಿಕೊಂಡವಳಿಗೆ ಈಗ ಅದೇ ಉತ್ತರ ಗಂಟಲಲ್ಲಿ ಇಳಿಯಲಿಲ್ಲ. ಅಳುವ ಮಗುವಿಗೇ ಹಾಲು ಅನ್ನುತ್ತಾರಲ್ಲ, ಅಳದೆ, ಕಾಡದೆ, ಬೇಡದೆ ಬೆಳೆದವಳಿಗೆ ಸಿಕ್ಕಿದ್ದು ಈ ಮಟ್ಟಸವಾದ ಗೆರೆ. ತಂಗಿಯ ಮೇಲಿದ್ದ ಹೊಟ್ಟೆಕಿಚ್ಚು ಸಾಲದೆ, ಅವಳ ಆ ಹಳೆಯ ಜ್ವರದ ಮೇಲೂ ಈಗ ಹೊಟ್ಟೆಕಿಚ್ಚು.

ಅವಳು ಕ್ಲಿಪ್ ಬಿಚ್ಚಿದಳು. ಅಮ್ಮನ ಕೈ ಬಿಡದೆ, ಅದನ್ನು ಎತ್ತಿ ತನ್ನ ಹಣೆಯ ಮೇಲಿಟ್ಟುಕೊಂಡಳು.

"ಯಾಕೇ, ಏನಾಯ್ತು?"

"ಜ್ವರ ಇದ್ಯಾ ನೋಡು."

"ಇಲ್ವಲ್ಲೇ, ತಣ್ಣಗಿದೆ."

"ಸರಿಯಾಗಿ ನೋಡಮ್ಮ," ಎಂದಳು, ಆ ಕೈಯನ್ನು ಇನ್ನಷ್ಟು ಒತ್ತಿ ಹಿಡಿದು.